ಹುಣ್ಣೇ ಇಲ್ಲದ ಮರಳುನೊಣದ ರೋಗ: ಆರೋಗ್ಯಾಧಿಕಾರಿಗಳಿಗೂ ಚರ್ಮವೈದ್ಯರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಚರ್ಮದ ಲೀಶ್ಮೇನಿಯಾಸಿಸ್ ಕುರಿತ ಪೋಸ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಚಿತ್ರ. ಮುಂಗೈ ಮೇಲೊಂದು ದುಂಡು ಹುಣ್ಣು, ಸುತ್ತ ಉಬ್ಬಿದ ಗಟ್ಟಿ ಅಂಚು, ನಡುವೆ ಹಕ್ಕಳೆ. ಚಿತ್ರ ಸುಳ್ಳಲ್ಲ, ಈ ರೋಗದ ಬಹುಪಾಲು ಗಾಯಗಳು ಹಾಗೆಯೇ ಕಾಣುತ್ತವೆ. ಆದರೆ ಆ ಒಂದು ಚಿತ್ರವೇ ರೋಗದ ವ್ಯಾಖ್ಯೆಯಾಗಿ ಕೂತುಬಿಟ್ಟಿದೆ, ನಮ್ಮ ತಕರಾರು ಅದರ ಬಗ್ಗೆ. ಹುಣ್ಣಿಲ್ಲದೆ ಬರುವ ರೋಗಿ ಆ ಚಿತ್ರಕ್ಕೆ ಹೊಂದುವುದಿಲ್ಲ. ಹಾಗಾಗಿ ಪರೀಕ್ಷೆಯ ಚೀಟಿಯಲ್ಲಿ ಲೀಶ್ಮೇನಿಯಾ ಎಂಬ ಹೆಸರು ಬರುವುದಿಲ್ಲ, ಸ್ಲೈಡು (ಗಾಯದಿಂದ ಕೆರೆದು ತೆಗೆದದ್ದನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಆಗುವುದಿಲ್ಲ, ವರದಿಯೂ ಆಗುವುದಿಲ್ಲ.

ಆಗ ನಡೆಯುವುದೇನು? ಮೂಗು, ಕೆನ್ನೆ ಕೆಂಪಗೆ ಊದಿಕೊಂಡವರಿಗೆ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್. ಉಗುರಿನ ಬುಡ ಬಾತವರಿಗೆ ಕೀವು ತೆಗೆಯಲು ಕೊಯ್ತ, ಕೀವಂತೂ ಬರುವುದಿಲ್ಲ. ತುಟಿ ದಪ್ಪಗಾದವರಿಗೆ ಕ್ಯಾನ್ಸರ್ ಶಂಕೆಯ ಮೇಲೆ ಶಸ್ತ್ರಚಿಕಿತ್ಸೆ. ಹಳೆ ಕಲೆಯ ಸುತ್ತ ಗುಳ್ಳೆ ಎದ್ದವರಿಗೆ ಚರ್ಮದ ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ. ಇಷ್ಟರ ಮೇಲೆ ಒಂದು ಮೋಸವೂ ಇದೆ: ಈ ರೋಗದ ಎಷ್ಟೋ ಗಾಯಗಳು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯುತ್ತವೆ. ಮಾಯುವ ಹೊತ್ತಿಗೆ ರೋಗಿ ಯಾವ ಔಷಧ ತೆಗೆದುಕೊಳ್ಳುತ್ತಿದ್ದರೋ ಹೆಸರು ಅದಕ್ಕೆ ಬರುತ್ತದೆ. ತಪ್ಪು ರೋಗನಿರ್ಣಯಕ್ಕೆ ಸರಿಯಾದ ಫಲಿತಾಂಶ ಸಿಕ್ಕಿದಂತಾಗಿ, ಮುಂದಿನ ರೋಗಿಗೂ ಅದೇ ಚೀಟಿ.

ಮೂಲ ವಿಷಯವನ್ನು ಚುಟುಕಾಗಿ ಹೇಳುತ್ತೇವೆ, ಇದು ನಿಮಗೆ ಗೊತ್ತಿರುವುದೇ. ಲೀಶ್ಮೇನಿಯಾ ಏಕಕೋಶ ಪರಾವಲಂಬಿ. ಹರಡುವುದು ಹೆಣ್ಣು ಮರಳುನೊಣ. ಏಷ್ಯಾ, ಆಫ್ರಿಕಾ, ಯೂರೋಪಿನಲ್ಲಿ ಫ್ಲೆಬೊಟೊಮಸ್, ಅಮೆರಿಕ ಖಂಡಗಳಲ್ಲಿ ಲಟ್ಜೊಮಿಯಾ. ಎರಡು ಮೂರು ಮಿಲಿಮೀಟರಿನ ನೊಣ, ಸೊಳ್ಳೆಯ ಮೂರನೇ ಒಂದು ಭಾಗ ಮಾತ್ರ. ಗುಂಯ್‌ಗುಡುವುದಿಲ್ಲ. ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಬಟ್ಟೆ ಮುಚ್ಚದ ಜಾಗದಲ್ಲಿ. ಹಾಗಾಗಿ "ಏನಾದರೂ ಕಚ್ಚಿತ್ತಾ?" ಎಂದು ಕೇಳಿದರೆ ಬಹಳ ಮಂದಿ ಇಲ್ಲ ಎನ್ನುತ್ತಾರೆ, ಆ ಉತ್ತರಕ್ಕೆ ಬೆಲೆ ಇಲ್ಲ. ಕಚ್ಚಿದ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಅಲ್ಲೊಂದು ಗುಳ್ಳೆ ಏಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷದಿಂದ 10 ಲಕ್ಷ ಹೊಸ ಪ್ರಕರಣಗಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವರದಿಯಾಗುವುದು ಸುಮಾರು 2 ಲಕ್ಷ. ಈ ಅಂತರಕ್ಕೆ ಕಾರಣಗಳು ಹಲವು, ಚಿತ್ರಕ್ಕೆ ಹೊಂದದ ರೋಗಿಗಳು ಕೈತಪ್ಪುವುದೂ ಅವುಗಳಲ್ಲಿ ಒಂದು.

ಒಂದೇ ಜಾತಿಯ ಜೀವಿ ಇಷ್ಟು ವೇಷ ಹಾಕುವುದೇಕೆ ಎಂಬುದು ಗೊತ್ತಿದ್ದರೆ ಪರೀಕ್ಷೆಯ ಆಯ್ಕೆ ಸುಲಭ. ಗಾಯದ ರೂಪ ನಿರ್ಧಾರವಾಗುವುದು ಜೀವಿಯ ಪ್ರಭೇದ ಮತ್ತು ರೋಗಿಯ ರೋಗನಿರೋಧಕ ಪ್ರತಿಕ್ರಿಯೆ ಇವೆರಡರ ಜಗ್ಗಾಟದಲ್ಲಿ. ಪ್ರತಿಕ್ರಿಯೆ ಜೋರಾಗಿದ್ದರೆ ಅಂಗಾಂಶದಲ್ಲಿ ಜೀವಿಗಳು ಬೆರಳೆಣಿಕೆ, ಗಾಯ ಮಾತ್ರ ವರ್ಷಗಟ್ಟಲೆ ಹೊಗೆಯಾಡುತ್ತದೆ. ಪ್ರತಿಕ್ರಿಯೆಯೇ ಇಲ್ಲದಿದ್ದರೆ ಒಂದೊಂದು ಕೋಶದಲ್ಲೂ ಜೀವಿಗಳು ಕಿಕ್ಕಿರಿದಿರುತ್ತವೆ, ಚರ್ಮದ ತುಂಬ ಗಂಟುಗಳು, ಹುಣ್ಣು ಮಾತ್ರ ಇಲ್ಲ. ಪೋಸ್ಟರಿನ ಹುಣ್ಣು ಇವೆರಡರ ನಡುವಿನದು. ಮೊದಲನೆಯ ತುದಿಯಲ್ಲಿ ಸ್ಲೈಡ್ ನೆಗೆಟಿವ್ ಬಂದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ, ಎರಡನೆಯ ತುದಿಯಲ್ಲಿ ಒಂದೇ ಸ್ಲೈಡು ಸಾಕು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಒಂದು ಕಡೆ ಖಂಡಿತ ತಪ್ಪುತ್ತದೆ.

ಮುಖದಿಂದ ಶುರುಮಾಡೋಣ, ಏಕೆಂದರೆ ಹೆಚ್ಚು ಎಡವುವುದು ಅಲ್ಲೇ. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಚಿಟ್ಟೆಯ ರೆಕ್ಕೆಯಂತೆ ಹರಡಿದ, ಕೆಂಪಗೆ ಬಾತ, ಮುಟ್ಟಿದರೆ ಗಟ್ಟಿಯಾಗಿ ಸಿಗುವ ತೇಪೆಯನ್ನು ಎರಿಸಿಪೆಲಾಸ್ (ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕು) ಮಾದರಿ ಎನ್ನುತ್ತಾರೆ. ಇರಾನ್, ಪಾಕಿಸ್ತಾನ, ಟುನೀಷಿಯಾಗಳಿಂದ ಇದರ ವರದಿಗಳಿವೆ, ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರಲ್ಲಿ. ನಿಜವಾದ ಎರಿಸಿಪೆಲಾಸ್ ಆದರೆ ಚಳಿಜ್ವರ ಇರುತ್ತದೆ, ಜಾಗ ಸುಡುತ್ತದೆ, ಮುಟ್ಟಗೊಡದಷ್ಟು ನೋವು, ಎಲ್ಲ ಎರಡು ದಿನದ ಆಟ. ಇಲ್ಲಿ ಜ್ವರವಿಲ್ಲ, ನೋವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹರಡಲು ವಾರಗಳೇ ಬೇಕು. ತೇಪೆಯ ಮೇಲೆ ಎಲ್ಲೋ ಒಂದು ಕಡೆ ಸಣ್ಣ ಹಕ್ಕಳೆ ಅಥವಾ ಮೊದಲು ಎದ್ದ ಗುಳ್ಳೆಯ ಗುರುತು ಸಿಗುವುದುಂಟು, ಅದನ್ನು ಹುಡುಕಿ. ಸಿಕ್ಕರೆ ಸ್ಲೈಡಿಗೆ ಅದರ ಅಂಚೇ ಸರಿಯಾದ ಜಾಗ. ಇದೇ ಚಿಟ್ಟೆ ಆಕಾರ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗುವ ರೋಗ) ಎಂದೂ ರೊಸೇಶಿಯಾ (ಮುಖ ಕೆಂಪಾಗಿಸುವ ಚರ್ಮರೋಗ) ಎಂದೂ ದಾರಿ ತಪ್ಪಿಸುತ್ತದೆ. ಲೂಪಸ್ ಎಂದುಕೊಂಡು ಸ್ಟಿರಾಯ್ಡ್ ಕೊಟ್ಟರೆ ಮೊದಲ ವಾರ ಕೆಂಪು ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಆಮೇಲೆ ಜೀವಿಗಳು ಅಡೆತಡೆಯಿಲ್ಲದೆ ಹೆಚ್ಚಿ, ಗಾಯ ಮೊದಲಿನ ಎಲ್ಲೆ ಮೀರಿ ಹೋಗುತ್ತದೆ.

ಇನ್ನೊಂದು ಲೂಪಾಯ್ಡ್ ಮಾದರಿ. ಲೂಪಸ್ ವಲ್ಗಾರಿಸ್ ಎಂಬ ಚರ್ಮದ ಕ್ಷಯವನ್ನು ಹೋಲುವುದರಿಂದ ಈ ಹೆಸರು, ಮೇಲೆ ಹೇಳಿದ ಲೂಪಸ್ ಬೇರೆ. ಮಾಡುವುದು ಹೆಚ್ಚಾಗಿ ಲೀಶ್ಮೇನಿಯಾ ಟ್ರಾಪಿಕಾ. ಹುಣ್ಣು ಮಾಯ್ದು ಕಲೆ ಬಿದ್ದಿರುತ್ತದೆ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಕಲೆಯ ಅಂಚಿನಲ್ಲಿ ಕೆಂಗಂದು ಗುಳ್ಳೆಗಳು ಸಾಲುಗಟ್ಟುತ್ತವೆ. ನಡುವೆ ಮಾಯುತ್ತ ಹೋಗಿ ಹೊರಗೆ ಹರಡುತ್ತವೆ. ಗಾಜಿನ ಸ್ಲೈಡು ಒತ್ತಿ ನೋಡಿದರೆ ಸೇಬಿನ ಜೆಲ್ಲಿಯ ಹಳದಿಗಂದು ಬಣ್ಣ, ಕ್ಷಯದಲ್ಲಿ ಕಾಣುವಂಥದ್ದೇ. ಬಯಾಪ್ಸಿಯಲ್ಲೂ ಕ್ಷಯದಂಥದ್ದೇ ಗ್ರ್ಯಾನ್ಯುಲೋಮಾ (ರಕ್ಷಕ ಕೋಶಗಳು ಸೇರಿ ಕಟ್ಟುವ ಸಣ್ಣ ಗಂಟು). ಸ್ಲೈಡಿನಲ್ಲಿ ಜೀವಿಗಳು ಸಿಗುವುದು ಅಪರೂಪ. ಹೀಗೆ ಮೂರೂ ಸಾಕ್ಷಿಗಳು ಒಂದೇ ತಪ್ಪು ಕಡೆ ಬೆರಳು ತೋರಿಸುವಾಗ ವೈದ್ಯರನ್ನು ದೂರುವುದು ಸುಲಭವಲ್ಲ. ಆದರೆ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಈ ಕಲೆ ಮೊದಲು ಹೇಗಾಯಿತು? ಮಗುವಾಗಿದ್ದಾಗ ಆರು ತಿಂಗಳೋ ವರ್ಷವೋ ಮಾಯದ ಹುಣ್ಣಾಗಿತ್ತು ಎಂಬ ಉತ್ತರ ಬಂದರೆ ಕ್ಷಯದ ಮಾತ್ರೆ ಬರೆಯುವ ಮುನ್ನ ಅಂಗಾಂಶವನ್ನು ಪಿಸಿಆರ್‌ಗೆ ಕಳಿಸಬೇಕು.

ತುಟಿ, ಮೂಗಿನ ತುದಿ, ಕಿವಿ ಮೂರೂ ಬೇರೆ ಬೇರೆ ತೊಂದರೆ ಕೊಡುತ್ತವೆ. ತುಟಿಯ ಮೇಲಾದರೆ ಹುಣ್ಣಿಗಿಂತ ಊತ ಹೆಚ್ಚು, ಇಡೀ ತುಟಿ ದಪ್ಪಗಾಗಿ ಜೋತುಬೀಳಬಹುದು. ಮೂಗಿನ ಮೇಲೆ ಅದು ರೈನೊಫೈಮಾದಂತೆ (ಮೂಗಿನ ಚರ್ಮ ದಪ್ಪಗಾಗುವ ರೋಗ) ಉಬ್ಬುಬ್ಬಾಗಿ ಬೆಳೆಯುತ್ತದೆ. ಮೆಕ್ಸಿಕೊದ ಯುಕಟಾನ್ ಕಡೆ, ಗ್ವಾಟೆಮಾಲಾ, ಬೆಲೀಜ್ ಕಾಡುಗಳಲ್ಲಿ ಚೂಯಿಂಗ್ ಗಮ್ಮಿನ ಅಂಟು ತೆಗೆಯುವ ಚಿಕ್ಲೆರೋಗಳ ಕಿವಿಗೆ ಲೀಶ್ಮೇನಿಯಾ ಮೆಕ್ಸಿಕಾನಾ ತರುವ ಹುಣ್ಣಿಗೆ ಅವರ ಕಸುಬಿನ ಹೆಸರೇ ಇದೆ. ಬೇರೆ ಕಡೆ ತಾನಾಗಿ ಮಾಯುವ ಇದೇ ಜೀವಿ ಕಿವಿಯಲ್ಲಿ ವರ್ಷಗಟ್ಟಲೆ ಉಳಿದು ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ಕಿವಿಯ ಅಂಚು ಚಿಂದಿಯಾದ ಮೇಲೆ ರೋಗ ಗುರುತಿಸಿ ಪ್ರಯೋಜನ ಕಡಿಮೆ.

ಬೆರಳಿನದು ಉಗುರುಸುತ್ತಿನ ವೇಷ. ಉಗುರಿನ ಬುಡ ಕೆಂಪಾಗಿ ಬಾತು ಸಣ್ಣಗೆ ಹಕ್ಕಳೆ ಕಟ್ಟಿರುತ್ತದೆ. ನಿಜವಾದ ಉಗುರುಸುತ್ತು ಸಿಡಿಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ಇದು ತಿಂಗಳಾದರೂ ಸಿಡಿಯದು. ಕೊಯ್ದರೆ ಕೀವಿಲ್ಲ, ರಕ್ತ ಮಾತ್ರ. "ನೋವಿಲ್ಲದ ಉಗುರುಸುತ್ತು" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬ್ಲೇಡು ಕೆಳಗಿಟ್ಟು ಸ್ಲೈಡು ಎತ್ತಿಕೊಳ್ಳಬೇಕು.

ತೋಳು, ಕಾಲಿನಲ್ಲಿ ಸ್ಪೊರೊಟ್ರಿಕಾಯ್ಡ್ ಮಾದರಿ: ಕೆಳಗೊಂದು ಹುಣ್ಣು ಅಥವಾ ಗುಳ್ಳೆ, ಅಲ್ಲಿಂದ ಮೇಲಕ್ಕೆ ದುಗ್ಧನಾಳದ ಹಾದಿಯಲ್ಲಿ ಚರ್ಮದಡಿ ಮಣಿಸರದಂತೆ ಗಂಟುಗಳು. ಸ್ಪೊರೊಥ್ರಿಕ್ಸ್ ಶಿಲೀಂಧ್ರವೂ, ಅಕ್ವೇರಿಯಂ ನೀರಿನ ಮೈಕೊಬ್ಯಾಕ್ಟೀರಿಯಂ ಮರೈನಮ್ಮೂ, ನೊಕಾರ್ಡಿಯಾವೂ ಹೀಗೇ ಸರ ಕಟ್ಟುತ್ತವೆ. ಎಡವಟ್ಟಾಗುವುದು ಔಷಧದಲ್ಲಿ. ಶಿಲೀಂಧ್ರಕ್ಕೆಂದು ಕೊಡುವ ಇಟ್ರಕೊನಜೋಲ್ ಕೆಲವು ಪ್ರಭೇದದ ಲೀಶ್ಮೇನಿಯಾ ಮೇಲೂ ಅಷ್ಟೋ ಇಷ್ಟೋ ಕೆಲಸ ಮಾಡುತ್ತದೆ. "ಔಷಧಕ್ಕೆ ಬಗ್ಗಿತು, ಹಾಗಾದರೆ ಶಿಲೀಂಧ್ರವೇ" ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ದಕ್ಷಿಣ ಅಮೆರಿಕದ ಲೀಶ್ಮೇನಿಯಾ ಬ್ರೆಸಿಲಿಯೆನ್ಸಿಸ್‌ನಲ್ಲಿ ಚರ್ಮದ ಹುಣ್ಣಿಗೂ ಮೊದಲೇ ಹತ್ತಿರದ ದುಗ್ಧಗ್ರಂಥಿ ಬಾಯುವುದುಂಟು. ಆಗ ಶಂಕೆ ಕ್ಷಯದ ಮೇಲೋ ಲಿಂಫೋಮಾದ ಮೇಲೋ ಹೋಗುತ್ತದೆ. ಈ ಪ್ರಭೇದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: ಚರ್ಮದ ಗಾಯ ಮಾಯ್ದು ವರ್ಷಗಳ ಮೇಲೆ ಮೂಗಿನೊಳಗೆ, ಬಾಯಿ ಗಂಟಲಿನಲ್ಲಿ ಕಾಣಿಸಿಕೊಂಡು ಮೂಗಿನ ನಡುಗೋಡೆಗೆ ತೂತು ಕೊರೆಯಬಲ್ಲದು. ಆ ಭಾಗಕ್ಕೆ ಹೋಗಿಬಂದವರ ಮೂಗು ಕಟ್ಟುತ್ತಿದ್ದರೆ, ಪದೇ ಪದೇ ರಕ್ತ ಬರುತ್ತಿದ್ದರೆ ಮೂಗಿನೊಳಗೆ ಟಾರ್ಚು ಬಿಟ್ಟು ನೋಡುವುದು ಚರ್ಮವೈದ್ಯರ ಕೆಲಸವೂ ಹೌದು.

ಉಳಿದವನ್ನು ಬೇಗ ಮುಗಿಸುತ್ತೇವೆ. ಒಂದೇ ನರದ ಪಟ್ಟಿಯಲ್ಲಿ ಗುಳ್ಳೆಗಳು ಸಾಲಾಗಿ ಎದ್ದು ಸರ್ಪಸುತ್ತಿನಂತೆ ಕಾಣುವುದುಂಟು. ಸರ್ಪಸುತ್ತಾದರೆ ಮೊದಲು ಉರಿ, ಆಮೇಲೆ ನೀರುಗುಳ್ಳೆ, ಕೆಲವೇ ವಾರದಲ್ಲಿ ಒಣಗುತ್ತದೆ. ಇದರಲ್ಲಿ ನೀರುಗುಳ್ಳೆಯೂ ಇಲ್ಲ, ಒಣಗುವ ಲಕ್ಷಣವೂ ಇಲ್ಲ. ನರೂಲಿಯಂತೆ ಒರಟಾಗಿ ಬೆಳೆಯುವುದು, ಸೋರಿಯಾಸಿಸ್‌ನಂತೆ ಬಿಳಿ ಹೊಟ್ಟು ಕಟ್ಟುವುದು, ಇಸುಬಿನಂತೆ ರಸ ಒಸರುವುದು, ಬಳೆಯಂತೆ ದುಂಡಗೆ ಹರಡುವುದು, ಅಂಗೈ ಅಂಗಾಲಿನಲ್ಲಿ ದಪ್ಪ ಚರ್ಮವಾಗುವುದು, ಎಲ್ಲವೂ ವರದಿಯಾಗಿವೆ. ವಯಸ್ಸಾದವರ ಮುಖದ ಮೇಲೆ ಒಂಟಿ ಗಂಟಾಗಿ ಬಂದರೆ ಚರ್ಮದ ಕ್ಯಾನ್ಸರಿನಿಂದ ಬೇರ್ಪಡಿಸಲು ಕಣ್ಣು ಸಾಲದು, ಬಯಾಪ್ಸಿಯೇ ಬೇಕು.

ಹುಣ್ಣೇ ಇಲ್ಲದ ಇನ್ನೊಂದು ತುದಿಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಇಥಿಯೋಪಿಯದ ಎತ್ತರದ ನೆಲದಲ್ಲಿ ಲೀಶ್ಮೇನಿಯಾ ಈಥಿಯೋಪಿಕಾ, ಬ್ರೆಜಿಲ್ ಮೊದಲಾದೆಡೆ ಲೀಶ್ಮೇನಿಯಾ ಅಮೆಜೊನೆನ್ಸಿಸ್ ಕೆಲವರಲ್ಲಿ ಮುಖ, ಕಿವಿ, ಕೈಕಾಲಿನ ತುಂಬ ಮೆತ್ತಗಿನ ಗಂಟುಗಳಾಗಿ ಹರಡುತ್ತವೆ. ಇದು ಡಿಫ್ಯೂಸ್ ಮಾದರಿ. ನೋಡಿದವರಿಗೆ ಕುಷ್ಠದ ನೆನಪಾಗುವುದು ಸಹಜ. ಇವುಗಳಲ್ಲಿ ಸ್ಪರ್ಶಜ್ಞಾನ ಹೋಗಿರುವುದಿಲ್ಲ, ನರ ದಪ್ಪಗಾಗಿರುವುದಿಲ್ಲ. ಕುಷ್ಠಕ್ಕೆಂದು ಚರ್ಮ ಸೀಳಿ ತೆಗೆದ ಸ್ಲೈಡನ್ನು ಕುಷ್ಠದ ಬ್ಯಾಸಿಲಸ್ ತೋರಿಸುವ ಜೀಲ್ ನೀಲ್ಸನ್ ಬಣ್ಣದಲ್ಲಿ ಮಾತ್ರ ನೋಡಿದರೆ "ಬ್ಯಾಸಿಲಸ್ ಇಲ್ಲ" ಎಂಬಲ್ಲಿಗೆ ಕತೆ ಮುಗಿಯುತ್ತದೆ. ಅದೇ ಸೀಳಿನಿಂದ ಇನ್ನೊಂದು ಸ್ಲೈಡು ಎಳೆದು ಪರಾವಲಂಬಿಯನ್ನು ತೋರಿಸುವ ಜೀಮ್ಸಾ ಬಣ್ಣ ಹಾಕಿದ್ದರೆ ಮೊದಲ ಕ್ಷೇತ್ರದಲ್ಲೇ ಲೀಶ್ಮೇನಿಯಾ ಕಾಣುತ್ತಿತ್ತು. ಕಾಳಾ ಅಜಾರ್ (ಲೀಶ್ಮೇನಿಯಾ ಒಳಾಂಗಗಳಿಗೆ ತಗಲಿ ಬರುವ ಜ್ವರದ ರೋಗ) ಆಗಿ ವಾಸಿಯಾದವರಲ್ಲಿ ತಿಂಗಳು ಅಥವಾ ವರ್ಷಗಳ ನಂತರ ಮುಖ, ಮೈಮೇಲೆ ಬರುವ ಬಿಳಿಚು ಮಚ್ಚೆ, ಗಂಟುಗಳಿಗೂ ಇದೇ ಮಾತು. ಕುಷ್ಠದ ಶಂಕೆಯಲ್ಲಿ ತೆಗೆಯುವ ಪ್ರತಿ ಸೀಳಿಗೆ ಎರಡು ಸ್ಲೈಡು ಎಂಬ ನಿಯಮ ಮಾಡಿ ಎಂಬುದು ಈ ಪತ್ರದ ಮೊದಲ ಬೇಡಿಕೆ. ಹೆಚ್ಚಿನ ಖರ್ಚು ಒಂದು ಗಾಜಿನ ತುಂಡು, ನಾಲ್ಕು ಹನಿ ಬಣ್ಣ.

ಎಚ್‌ಐವಿ ಇರುವವರಲ್ಲಿ, ಅಂಗ ಕಸಿಯಾದವರಲ್ಲಿ, ಕೀಲುವಾತಕ್ಕೋ ಸೋರಿಯಾಸಿಸ್‌ಗೋ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್‌ನಂಥ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು ಪಡೆಯುವವರಲ್ಲಿ ಯಾವ ಪಾಠವೂ ನಡೆಯದು. ಹಲವು ಗಾಯಗಳು, ಅಸಾಮಾನ್ಯ ಜಾಗಗಳು, ಒಳಾಂಗಗಳಿಗೂ ಹಬ್ಬುವ ಸಾಧ್ಯತೆ. ಇವರಲ್ಲಿ ಚರ್ಮದ ಗಾಯ ಕಂಡರೆ ಗುಲ್ಮ, ರಕ್ತಕಣಗಳ ಎಣಿಕೆ ಎರಡನ್ನೂ ನೋಡಲೇಬೇಕು.

ಇಷ್ಟೆಲ್ಲ ವೇಷಗಳನ್ನು ನೆನಪಿಟ್ಟುಕೊಳ್ಳಿ ಎಂದು ನಾವು ಕೇಳುತ್ತಿಲ್ಲ, ಅದು ಆಗುವ ಮಾತಲ್ಲ. ಬಟ್ಟೆ ಮುಚ್ಚದ ಜಾಗದಲ್ಲಿ ನಾಲ್ಕು ವಾರ ದಾಟಿದ, ಹೆಚ್ಚು ನೋವಿಲ್ಲದ, ಒಂದು ಕೋರ್ಸ್ ಆ್ಯಂಟಿಬಯಾಟಿಕ್‌ಗೆ ಜಗ್ಗದ ಯಾವ ಗಾಯವೇ ಆಗಲಿ, ಗಂಟೇ ಆಗಲಿ, ತೇಪೆಯೇ ಆಗಲಿ, ಸ್ಟಿರಾಯ್ಡಿಗೂ ಕತ್ತಿಗೂ ಮುನ್ನ ಒಂದು ಪ್ರಶ್ನೆ ಮತ್ತು ಒಂದು ಸ್ಲೈಡು ಆಗಲಿ. ಪ್ರಶ್ನೆ "ಎಲ್ಲಿಗೆ ಹೋಗಿದ್ದಿರಿ?" ಎಂದಲ್ಲ. "ಕಳೆದ ಎರಡು ವರ್ಷದಲ್ಲಿ ರಾತ್ರಿ ಎಲ್ಲೆಲ್ಲಿ ಮಲಗಿದ್ದಿರಿ?" ಎಂದು ಕೇಳಬೇಕು. ಕೂಲಿಗೆ ಹೋದವರು, ಸೈನಿಕರು, ಲಾರಿ ಓಡಿಸುವವರು, ಯಾತ್ರೆಗೆ ಹೋದವರು, ಯುದ್ಧದಿಂದ ಓಡಿಬಂದವರು ಈ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಕೊಡುತ್ತಾರೆ. ಅಫ್ಘಾನಿಸ್ತಾನ, ಇರಾನ್, ಇರಾಕ್, ಸಿರಿಯಾ, ಅಲ್ಜೀರಿಯಾ, ಬ್ರೆಜಿಲ್, ಕೊಲಂಬಿಯಾ, ಪೆರು ಎಲ್ಲರಿಗೂ ಗೊತ್ತಿರುವ ಹೆಸರುಗಳು. ರಾಜಸ್ಥಾನದ ಬೀಕಾನೇರ್, ಹಿಮಾಚಲದ ಸಟ್ಲೆಜ್ ಕಣಿವೆ, ಕೇರಳದ ಪಶ್ಚಿಮಘಟ್ಟ, ಶ್ರೀಲಂಕಾ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಕಾಳಾ ಅಜಾರ್ ತರುವ ಲೀಶ್ಮೇನಿಯಾ ಡೊನೊವನಿಯೇ ಶ್ರೀಲಂಕಾದಲ್ಲಿ ಚರ್ಮದ ರೋಗ ತರುತ್ತದೆ. ಹಾಗಾಗಿ ಪ್ರಭೇದದ ಹೆಸರು ನೋಡಿ ರೋಗದ ರೂಪ ಊಹಿಸುವುದೂ ಅಪಾಯ.

ನೋಡುವಾಗ ಕೆಲವು ಸುಳಿವುಗಳು ಸಿಗುತ್ತವೆ. ಗಾಯದ ಉದ್ದ ಚರ್ಮದ ಮಡಿಕೆಯ ಗೆರೆಗಳಿಗೆ ಸಮಾನಾಂತರವಾಗಿರುವುದು, ಸುತ್ತ ಸಾಸಿವೆಯಂಥ ಮರಿಗುಳ್ಳೆಗಳು, ಎರಡು ಬೆರಳಲ್ಲಿ ಹಿಡಿದರೆ ಕಣ್ಣಿಗೆ ಕಾಣುವುದಕ್ಕಿಂತ ಗಟ್ಟಿ ಭಾಗ ದೊಡ್ಡದಾಗಿ ಸಿಗುವುದು. ಕೊನೆಯದು ನಮ್ಮ ಪ್ರಕಾರ ಎಲ್ಲಕ್ಕಿಂತ ಉಪಯುಕ್ತ, ಕೈಯಿಟ್ಟು ನೋಡುವವರಿಗೆ ಮಾತ್ರ ಅದು ಸಿಗುತ್ತದೆ.

ಇನ್ನು ಸ್ಲೈಡು. ಹೆಚ್ಚು ಕೆಡುವುದು ಇಲ್ಲಿ, ಕೆಡುವ ಕಾರಣಗಳೂ ಸಣ್ಣವೇ. ಹಕ್ಕಳೆ ಇದ್ದರೆ ಸಲೈನಿನಲ್ಲಿ ನೆನೆಸಿ ಮೆಲ್ಲಗೆ ತೆಗೆಯಿರಿ. ಸುತ್ತಲ ಚರ್ಮವನ್ನು 70 ಶೇಕಡಾ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಆರಲು ಬಿಡಿ. ಅಯೊಡಿನ್ ಬೇಡ, ಕಲ್ಚರಿನಲ್ಲಿ ಜೀವಿ ಬೆಳೆಯದಂತೆ ಅದು ಅಡ್ಡಬರುತ್ತದೆ. ಹುಣ್ಣಿನ ನಡುವಿನಿಂದ ತೆಗೆಯಬೇಡಿ, ಅಲ್ಲಿರುವುದು ಸತ್ತ ಅಂಗಾಂಶ ಮತ್ತು ಬ್ಯಾಕ್ಟೀರಿಯಾ. ಉಬ್ಬಿದ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ರಕ್ತ ಸರಿದು ಬಿಳಿಚುವಷ್ಟು ಒತ್ತಿ ಹಿಡಿಯಿರಿ. 15ನೇ ನಂಬರಿನ ಬ್ಲೇಡಿನಿಂದ ಸುಮಾರು 5 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಆಳದ ಸೀಳು. ಬ್ಲೇಡನ್ನು ಅಡ್ಡ ತಿರುಗಿಸಿ ಸೀಳಿನ ಗೋಡೆಯನ್ನು ಕೆರೆಯಿರಿ. ಬ್ಲೇಡಿನ ತುದಿಯಲ್ಲಿ ಬೇಕಾದದ್ದು ತಿಳಿಗೆಂಪು ತಿರುಳು, ರಕ್ತವಲ್ಲ. ರಕ್ತ ಬೆರೆತರೆ ಜೀವಿ ಹೊತ್ತ ಕೋಶಗಳು ಕೆಂಪುಕಣಗಳ ನಡುವೆ ಕಳೆದುಹೋಗುತ್ತವೆ, ಒತ್ತಿ ಹಿಡಿಯಿರಿ ಎಂದದ್ದು ಅದಕ್ಕೇ. ತೆಳುವಾಗಿ ಎಳೆದ ಎರಡು ಮೂರು ಸ್ಲೈಡುಗಳಾಗಲಿ. ಗಾಳಿಯಲ್ಲಿ ಒಣಗಿಸಿ ಮೆಥನಾಲಿನಲ್ಲಿ ಒಂದೆರಡು ನಿಮಿಷ. ಆಮೇಲೆ ಪಿಎಚ್ 7.2ರ ಬಫರಿನಲ್ಲಿ ಒಂದಕ್ಕೆ ಹತ್ತರಂತೆ ತೆಳು ಮಾಡಿದ ಜೀಮ್ಸಾ, 20ರಿಂದ 30 ನಿಮಿಷ. ಬಫರಿನ ಬದಲು ನಲ್ಲಿ ನೀರು ಹಾಕಿದರೆ ಪಿಎಚ್ ಆಚೀಚೆಯಾಗಿ, ನೋಡಬೇಕಾದ ಕೆಂಪು ಚುಕ್ಕೆಯೇ ಮಸುಕಾಗುತ್ತದೆ.

ಎಣ್ಣೆ ಹಾಕಿ 1000 ಪಟ್ಟಿನಲ್ಲಿ ನೋಡುವಾಗ ಹುಡುಕಬೇಕಾದದ್ದು 2ರಿಂದ 4 ಮೈಕ್ರಾನಿನ, ದುಂಡನೆಯ ಅಥವಾ ಮೊಟ್ಟೆಯಾಕಾರದ ಅಮ್ಯಾಸ್ಟಿಗೋಟ್, ಅಂದರೆ ಮನುಷ್ಯನ ಕೋಶದೊಳಗೆ ಈ ಪರಾವಲಂಬಿ ಇರುವ ರೂಪ. ತಿಳಿನೀಲಿ ಮೈ, ಒಳಗೆ ಎರಡು ಗುರುತು: ದೊಡ್ಡದು ನ್ಯೂಕ್ಲಿಯಸ್, ಅದರ ಪಕ್ಕ ಅಥವಾ ಅಡ್ಡಲಾಗಿ ಸಣ್ಣ ಕಡ್ಡಿಯಂತೆ ಗಾಢ ಕೆನ್ನೇರಳೆ ಕೈನೆಟೊಪ್ಲಾಸ್ಟ್. ಎರಡೂ ಕಂಡರೆ ಮಾತ್ರ ಪಾಸಿಟಿವ್. ಕಡ್ಡಿ ಕಾಣದೆ ಬರೀ ದುಂಡಗಿದ್ದರೆ ಅದು ಹಿಸ್ಟೊಪ್ಲಾಸ್ಮಾ ಆಗಿರಬಹುದು, ಪ್ಲೇಟ್‌ಲೆಟ್ ಆಗಿರಬಹುದು, ಬಣ್ಣದ ಕಸವೂ ಆಗಿರಬಹುದು. 1885ರಲ್ಲಿ ಡೇವಿಡ್ ಕನಿಂಗ್‌ಹ್ಯಾಮ್ "ದೆಹಲಿ ಹುಣ್ಣಿನ" ಅಂಗಾಂಶದಲ್ಲಿ ಇವನ್ನು ನೋಡಿಯೂ ಇವು ಏನೆಂದು ಸರಿಯಾಗಿ ಹೇಳಲಾಗಲಿಲ್ಲ. ಏಕಕೋಶ ಜೀವಿಗಳು ಎಂದು ಪ್ಯೋತರ್ ಬೊರೊವ್ಸ್ಕಿ ಗುರುತಿಸಿದ್ದು 1898ರಲ್ಲಿ. ಹದಿಮೂರು ವರ್ಷದ ಆ ಅಂತರ ನೆನೆದರೆ, ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಎರಡು ನಿಮಿಷ ಕಣ್ಣಾಡಿಸಿ ನೆಗೆಟಿವ್ ಬರೆಯುವುದು ಎಷ್ಟು ಸುಲಭ ಎಂದು ತಿಳಿಯುತ್ತದೆ. ಒಂದು ಸ್ಲೈಡಿಗೆ ಹದಿನೈದಿಪ್ಪತ್ತು ನಿಮಿಷ ಬೇಕು.

ಆರು ತಿಂಗಳು ದಾಟಿದ ಗಾಯದಲ್ಲಿ ಸ್ಲೈಡಿನ ಬಲ ಕುಗ್ಗುತ್ತದೆ. ಆಗ ಅಂಚಿನಿಂದ 3 ಅಥವಾ 4 ಮಿಲಿಮೀಟರಿನ ಪಂಚ್ ಬಯಾಪ್ಸಿ ತೆಗೆದು ಭಾಗ ಮಾಡಿ. ಒಂದು ತುಂಡನ್ನು ಗಾಜಿನ ಮೇಲೆ ಒತ್ತಿ ಮುದ್ರೆ ತೆಗೆದು ಫಾರ್ಮಲಿನ್‌ಗೆ ಹಾಕಿ. ಇನ್ನೊಂದು ಆಲ್ಕೊಹಾಲಿನಲ್ಲಿ ಪಿಸಿಆರ್‌ಗೆ, ಮತ್ತೊಂದು ಶುದ್ಧ ಮಾಧ್ಯಮದಲ್ಲಿ ಕಲ್ಚರಿಗೆ. ಇಡೀ ತುಂಡು ಫಾರ್ಮಲಿನ್‌ಗೆ ಬಿದ್ದರೆ ಕಲ್ಚರಿನ ಬಾಗಿಲು ಮುಚ್ಚಿತು, ಪಿಸಿಆರ್ ಅರ್ಧ ಮುಚ್ಚಿತು. ಬಯಾಪ್ಸಿಯಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು ಇದೇ, ಅದೂ ಚೀಟಿಯಲ್ಲಿ "ಲೀಶ್ಮೇನಿಯಾ?" ಎಂಬ ಒಂದು ಪದ ಇಲ್ಲದ ಕಾರಣಕ್ಕೆ. ಕಲ್ಚರ್ ಎನ್‌ಎನ್‌ಎನ್ ಅಥವಾ ಶ್ನೈಡರ್ ಮಾಧ್ಯಮದಲ್ಲಿ, 22ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಾಲ್ಕು ವಾರದವರೆಗೆ ಇಡಬೇಕು. ಅಭ್ಯಾಸಬಲದಿಂದ ಬ್ಯಾಕ್ಟೀರಿಯಾದ 37 ಡಿಗ್ರಿ ಇನ್‌ಕ್ಯುಬೇಟರಿಗೆ ತಳ್ಳಿದರೆ ಏನೂ ಬೆಳೆಯದು. ಕಾಳಾ ಅಜಾರ್‌ಗೆ ಬಳಸುವ, ರಕ್ತದಲ್ಲಿ ಪ್ರತಿಕಾಯ ಹುಡುಕುವ ಆರ್‌ಕೆ39 ಪಟ್ಟಿಯನ್ನು ಚರ್ಮದ ರೋಗಕ್ಕೆ ನೆಚ್ಚಬೇಡಿ. ಇಲ್ಲಿ ಪ್ರತಿಕಾಯಗಳು ಕಡಿಮೆ, ಪಟ್ಟಿ ನೆಗೆಟಿವ್ ಬಂತೆಂದು ರೋಗವಿಲ್ಲ ಎನ್ನಲಾಗದು.

ಚಿಕಿತ್ಸೆಯ ವಿವರ ಈ ಪತ್ರದ ಉದ್ದೇಶವಲ್ಲ. ವೇಷ ಬದಲಾದಾಗ ಚಿಕಿತ್ಸೆ ಎಲ್ಲಿ ತಪ್ಪುತ್ತದೆ ಎಂಬಷ್ಟನ್ನು ಹೇಳುತ್ತೇವೆ. ಗಾಯದೊಳಗೇ ಆಂಟಿಮನಿ (ಈ ರೋಗಕ್ಕೆ ಬಳಸುವ ಔಷಧದ ಮೂಲಧಾತು) ಚುಚ್ಚುವುದು, ದ್ರವ ಸಾರಜನಕದಿಂದ ತಣಿಸುವುದು, 50 ಡಿಗ್ರಿಯಲ್ಲಿ 30 ಸೆಕೆಂಡು ಶಾಖ ಕೊಡುವುದು, ಇವು ನಾಲ್ಕಕ್ಕಿಂತ ಕಡಿಮೆ, 5 ಸೆಂಟಿಮೀಟರಿಗಿಂತ ಚಿಕ್ಕ ಗಾಯಗಳಿಗೆ. ಮುಖ, ಕೀಲು, ಬೆರಳಿನ ಗಾಯಗಳು, ಸ್ಪೊರೊಟ್ರಿಕಾಯ್ಡ್ ಸರ, ರೋಗನಿರೋಧಕ ಶಕ್ತಿ ಕುಂದಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ಎಂದರೆ ಅಸಾಮಾನ್ಯ ರೂಪಗಳಲ್ಲಿ ಬಹಳಷ್ಟಕ್ಕೆ ಇಡೀ ಮೈಗೆ ಕೊಡುವ ಔಷಧವೇ ಬೇಕಾಗುತ್ತದೆ. ಚುಚ್ಚುವಾಗ ಸೂಜಿ ಚರ್ಮದೊಳಗೇ ಇರಬೇಕು, ಅಂಚು ಬಿಳಿಚಿದರೆ ಸರಿಯಾದ ಪದರ. ಬಿಳಿಚದೆ ಸಲೀಸಾಗಿ ಇಳಿದರೆ ಔಷಧ ಚರ್ಮದಡಿಯ ಕೊಬ್ಬಿಗೆ ಹೋಗಿ ವ್ಯರ್ಥವಾಗಿದೆ.

ಆಂಟಿಮನಿಯ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಪ್ರಮಾಣ ದಿನಕ್ಕೆ ಕಿಲೋಗೆ 20 ಮಿಲಿಗ್ರಾಂ. ಸೋಡಿಯಂ ಸ್ಟಿಬೊಗ್ಲುಕೊನೇಟ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಆಂಟಿಮನಿ, ಮೆಗ್ಲುಮಿನ್ ಆಂಟಿಮೊನಿಯೇಟ್‌ನಲ್ಲಿ 81. 60 ಕಿಲೋ ತೂಕದವರಿಗೆ ಬೇಕಾದ 1,200 ಮಿಲಿಗ್ರಾಂ ಮೊದಲನೆಯದರಲ್ಲಿ 12 ಮಿಲಿಲೀಟರ್, ಎರಡನೆಯದರಲ್ಲಿ ಸುಮಾರು 15. ದಾಸ್ತಾನು ಮುಗಿದು ಬಾಟಲಿ ಬದಲಾದಾಗ ಲೆಕ್ಕ ಬದಲಾಗದಿದ್ದರೆ ಒಂದು ಕಡೆ ಕಿಲೋಗೆ 16 ಮಿಲಿಗ್ರಾಂ ಹೋಗಿ ರೋಗ ಮರುಕಳಿಸುತ್ತದೆ, ಇನ್ನೊಂದು ಕಡೆ 25 ಹೋಗಿ ಹೃದಯದ ಲಯ ಕೆಡುತ್ತದೆ. ಇಸಿಜಿ ಇಲ್ಲದ ಕಡೆ ಇದನ್ನು ಶುರುಮಾಡಬಾರದು. ಮಿಲ್ಟೆಫೊಸಿನ್ ಮಾತ್ರೆ ದಿನಕ್ಕೆ ಕಿಲೋಗೆ 2.5 ಮಿಲಿಗ್ರಾಂನಂತೆ 28 ದಿನ ಕೊಡುವಾಗ ಗರ್ಭವಿಲ್ಲ ಎಂದು ಖಚಿತಪಡಿಸಿಕೊಂಡು, ಮುಗಿದ ಮೇಲೂ ಹಲವು ತಿಂಗಳು ಗರ್ಭನಿರೋಧಕ ಮುಂದುವರಿಸಬೇಕು. ಭ್ರೂಣಕ್ಕೆ ಅದು ಅಪಾಯ. ವಾಸಿಯಾಯಿತು ಎಂದು ಬರೆಯಲು ಮೂರು ತಿಂಗಳ ಹೊತ್ತಿಗೆ ಗಾಯ ಮುಚ್ಚಿ ಅಂಚಿನ ಗಟ್ಟಿತನ ಹೋಗಿರಬೇಕು. ಲೂಪಾಯ್ಡ್ ರೋಗಿಯನ್ನು ಅಲ್ಲಿಗೆ ಬಿಟ್ಟುಬಿಟ್ಟರೆ ಮುಂದಿನ ಗುಳ್ಳೆ ಇನ್ನೊಬ್ಬ ವೈದ್ಯರಿಗೆ ಹೊಸ ರೋಗವಾಗಿ ಕಾಣುತ್ತದೆ. ವರ್ಷದವರೆಗೆ ಕರೆದು ನೋಡಬೇಕು.

ಕಾರ್ಯಕ್ರಮ ನಡೆಸುವ ಅಧಿಕಾರಿಗಳಿಗೆ ನಮ್ಮ ಉಳಿದ ಬೇಡಿಕೆಗಳು. ಶಂಕಿತ ಪ್ರಕರಣದ ವ್ಯಾಖ್ಯೆಯಲ್ಲಿ "ಹುಣ್ಣು" ಎಂಬ ಪದದ ಜಾಗದಲ್ಲಿ "ನಾಲ್ಕು ವಾರ ದಾಟಿದ ಯಾವುದೇ ಗುಳ್ಳೆ, ಗಂಟು, ತೇಪೆ ಅಥವಾ ಹುಣ್ಣು" ಎಂದಾಗಲಿ. ಪೋಸ್ಟರಿನಲ್ಲಿ ಕನಿಷ್ಠ ಇನ್ನು ನಾಲ್ಕು ಚಿತ್ರ ಸೇರಲಿ: ಕೆಂಪಗೆ ಊದಿದ ಮೂಗು ಕೆನ್ನೆ, ದಪ್ಪಗಾದ ತುಟಿ, ತೋಳಿನ ಗಂಟುಸರ, ಹಳೆ ಕಲೆಯ ಸುತ್ತಲಿನ ಗುಳ್ಳೆಸಾಲು. ಬೇರೆ ಬೇರೆ ಬಣ್ಣದ ಚರ್ಮದ ಚಿತ್ರಗಳೇ ಆಗಲಿ, ಕಪ್ಪು ಚರ್ಮದ ಮೇಲೆ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ರೋಗಶಾಸ್ತ್ರ ವಿಭಾಗದ ಚೀಟಿಯಲ್ಲಿ ಗ್ರ್ಯಾನ್ಯುಲೋಮಾ ಕಂಡ ಪ್ರತಿ ಚರ್ಮದ ಬಯಾಪ್ಸಿಗೆ ಲೀಶ್ಮೇನಿಯಾ ಹುಡುಕಿದ್ದೀರಾ ಎಂಬ ಕಡ್ಡಾಯ ಸಾಲು ಇರಲಿ. ಆಲ್ಕೊಹಾಲಿನ ಸಣ್ಣ ಸೀಸೆಗಳು ಬಯಾಪ್ಸಿ ಟ್ರೇಯಲ್ಲೇ ಫಾರ್ಮಲಿನ್ ಪಕ್ಕ ಇರಲಿ, ಬೇರೆ ಕಪಾಟಿನಲ್ಲಿ ಇಟ್ಟರೆ ಯಾರೂ ಎದ್ದು ಹೋಗಿ ತರುವುದಿಲ್ಲ.

ಕೊನೆಯದು ಪ್ರಯೋಗಾಲಯದ ವರದಿಯ ಬಗ್ಗೆ. ಬರೀ "ನೆಗೆಟಿವ್" ಎಂದು ಬರೆಯುವ ಪದ್ಧತಿ ನಿಲ್ಲಿಸಿ. ಎಷ್ಟು ಸ್ಲೈಡು, ಎಣ್ಣೆಯಲ್ಲಿ ಎಷ್ಟು ಕ್ಷೇತ್ರ ನೋಡಲಾಯಿತು, ಮ್ಯಾಕ್ರೊಫೇಜ್ ಕೋಶಗಳು (ಜೀವಿ ಒಳಗೆ ವಾಸಿಸುವ ರಕ್ಷಕ ಕೋಶಗಳು) ಕಂಡವೋ ಬರೀ ರಕ್ತ ಕಂಡಿತೋ, ಈ ಮೂರನ್ನೂ ಬರೆಯಲಿ. ಮ್ಯಾಕ್ರೊಫೇಜ್ ಇಲ್ಲದ ಸ್ಲೈಡು ನೆಗೆಟಿವ್ ಅಲ್ಲ, ಸ್ಲೈಡೇ ಅಲ್ಲ. ಹಾಗೆ ಬಂದರೆ ರೋಗಿಯನ್ನು ಅದೇ ದಿನ ಮತ್ತೆ ಕರೆದು ಇನ್ನೊಂದು ಕಡೆಯ ಅಂಚಿನಿಂದ ತೆಗೆಯಬೇಕು.

ಇಂತಿ,
ಚರ್ಮರೋಗ ವಿಭಾಗಗಳಲ್ಲೂ ಪರಾವಲಂಬಿ ಪ್ರಯೋಗಾಲಯಗಳಲ್ಲೂ ಕೆಲಸ ಮಾಡುವ ಕೆಲವರು